ಹೆಬ್ಬೆಟ್ಟಿನ ಅಳತೆ

ನನ್ನ ಸೋದರಮಾವ ಈ ಲೋಕದಲ್ಲಿ ಪೂರಾ ನಂಬುವುದು ಒಂದನ್ನೇ, ತನ್ನ ಕೊರಳಲ್ಲಿ ಜೋತಾಡುವ ಅಳತೆ ಟೇಪನ್ನು. ಅದನ್ನೂ ಸುಮ್ಮನೆ ನಂಬುವುದಿಲ್ಲ. ತಿಂಗಳಿಗೊಮ್ಮೆ ಕಬ್ಬಿಣದ ಸ್ಕೇಲಿನ ಪಕ್ಕ ಮಲಗಿಸಿ, ಹಿಗ್ಗಿದೆಯೇನೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಹಾಗಾದರೆ ಆ ಸ್ಕೇಲು ಸರಿಯಿದೆ ಅನ್ನುವುದಕ್ಕೆ ಏನು ಗ್ಯಾರಂಟಿ ಎಂದು ನಾನೊಮ್ಮೆ ಚೇಷ್ಟೆಗೆ ಕೇಳಿಬಿಟ್ಟೆ. ಕೇಳಬಾರದಿತ್ತು! ಮಾಮಾ ಅವತ್ತು ಊಟ ಬಿಟ್ಟು, ಓಣಿಯ ಸ್ಕೇಲುಗಳನ್ನೆಲ್ಲ ತರಿಸಿ, ಒಂದರ ಪಕ್ಕ ಒಂದಿಟ್ಟುಕೊಂಡು ಕೂತ. ಆ ವಾರ ಬಸವಕಲ್ಯಾಣದಲ್ಲಿ ಒಬ್ಬ ಮದುಮಗ ಹಳೇ ಅಂಗಿಯಲ್ಲೇ ತಾಳಿ ಕಟ್ಟಿದನಂತೆ.

ಮಾಮಾ ಬಸವಕಲ್ಯಾಣದಲ್ಲಿ ದರ್ಜಿ. ನಾನು ಹುಮನಾಬಾದಿನಲ್ಲಿ ಶಾಲೆ ಮಾಸ್ತರ. ಎರಡೂ ಊರಿನ ನಡುವೆ ಬೇಕಾದಷ್ಟು ಬಸ್ಸುಗಳಿವೆ, ಆದರೆ ಮಾಮಾ ಹತ್ತುವಂಥ ಬಸ್ಸು ಸಿಗುವುದು ಕಷ್ಟ. ಮೊದಲು ಬೋರ್ಡು ಓದುತ್ತಾನೆ. ಆಮೇಲೆ ಕಂಡಕ್ಟರನನ್ನು ಕೇಳುತ್ತಾನೆ. ಕಂಡಕ್ಟರ ಹೌದೆಂದರೆ ಒಳಗೆ ಕೂತವರನ್ನು ಕೇಳುತ್ತಾನೆ. ಅವರೂ ಹೌದೆಂದರೆ, ಎಲ್ಲರೂ ಸೇರಿ ಒಂದೇ ಮಾತು ಹೇಳುತ್ತಿದ್ದಾರೆಂದರೆ ಏನೋ ಇರಬೇಕು ಎಂದು ಕೆಳಗಿಳಿದುಬಿಡುತ್ತಾನೆ.

ಇಂಥವನ ಕೈಗೆ ಮೊಬೈಲು ಬಂದರೆ ಹೇಗಿರಬೇಡ ಹೇಳಿ! ಮೊದಲನೇ ಸಲ ರಿಂಗಾದರೆ ಎತ್ತುವುದೇ ಇಲ್ಲ. ಖರೇ ಕೆಲಸ ಇದ್ದವರು ಎರಡನೇ ಸಲ ಮಾಡುತ್ತಾರೆ ಎಂಬುದು ಅವನ ಸಿದ್ಧಾಂತ. ಎರಡನೇ ಸಲ ಎತ್ತಿದರೂ ಹಲೋ ಅನ್ನುವುದಿಲ್ಲ, ಒಂದು ಪ್ರಶ್ನೆ ಕೇಳುತ್ತಾನೆ. ಈಗಿನ ಕಳ್ಳರು ದನಿಯನ್ನೂ ಕದಿಯುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿದಾಗಿನಿಂದ ಈ ಪರೀಕ್ಷೆ ಇನ್ನೂ ಬಿಗಿಯಾಗಿದೆ. ನನಗೆ ಇಟ್ಟ ಪ್ರಶ್ನೆ, ನನ್ನ ಮದುವೆ ಕೋಟಿನ ಒಳಗಿಸೆ ಎಷ್ಟು ಇಂಚು ಅಂತ. ಯಾರಿಗೆ ನೆನಪಿರುತ್ತದೆ ಅದು? ಎಷ್ಟೋ ಸಲ ನಾನು ನಾನಲ್ಲ ಎಂದು ಸಾಬೀತಾಗಿ ಫೋನು ಕಟ್ಟಾಗಿದೆ.

ಅವ್ವನಿಗೆ ಮಾತ್ರ ವರ್ಷಾನುಗಟ್ಟಲೆ ಒಂದೇ ಪ್ರಶ್ನೆ. ಸಣ್ಣವನಿದ್ದಾಗ ನನ್ನ ಹಲ್ಲು ಎಲ್ಲಿ ಮುರಿಯಿತು? ನಾರಾಯಣಪುರದ ಗುಡಿ ಮೆಟ್ಟಿಲ ಮೇಲೆ, ಎನ್ನುವಳು ಅವ್ವ. ಅಲ್ಲಿಗೆ ಮುಗಿಯಬೇಕಲ್ಲವೇ? ಮುಗಿಯುತ್ತಿರಲಿಲ್ಲ. ನೀನೇ ದೂಡಿದ್ದು ಎಂದು ತಮ್ಮ, ನೀನೇ ಜಾರಿ ಬಿದ್ದದ್ದು ಎಂದು ಅಕ್ಕ. ಐವತ್ತು ವರ್ಷದ ಹಳೇ ಖಟ್ಲೆ ದಿನಾ ಹನ್ನೊಂದು ಗಂಟೆಗೆ, ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿಗೆ, ವಿಚಾರಣೆಗೆ ಬರುತ್ತಿತ್ತು. ಫೋನು ಮಾಡುವವಳು ಯಾವಾಗಲೂ ಅವ್ವನೇ. ಆ ಹೊತ್ತಿಗೆ ಅವಳು ಕೋಣೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಮನೆಯವರು ಯಾರೂ ಒಳಗೆ ಕಾಲಿಡುವಂತಿರಲಿಲ್ಲ.

ಫೋನು ನಮ್ಮ ಮಾತು ಕದ್ದು ಕೇಳುತ್ತದೆ ಎಂಬುದರಲ್ಲಂತೂ ಮಾಮಾನಿಗೆ ಎಳ್ಳಷ್ಟೂ ಸಂಶಯವಿಲ್ಲ. ಒಮ್ಮೆ ಗಿರಾಕಿಯೊಬ್ಬ ಅಸ್ತರಿನ ಬಟ್ಟೆ ವಿಚಾರಿಸಿ ಹೋದ, ಮರುದಿನ ಮಾಮಾನ ಫೋನಿನಲ್ಲಿ ಅಸ್ತರಿನ ಜಾಹೀರಾತು! ಅವತ್ತಿನಿಂದ ಫೋನು ಗುಂಡಿ ಡಬ್ಬಿಯೊಳಗೆ, ಮೇಲೆ ಮುಚ್ಚಳ. ಸಾಲದೆಂದು ಅದರ ದಾರಿ ತಪ್ಪಿಸಲು, ದಿನಕ್ಕೆರಡು ಸಲ ಮುಚ್ಚಳ ತೆಗೆದು, ನಾನೊಂದು ಎಮ್ಮೆ ಕೊಳ್ಳಬೇಕು ಎಂದು ಗಟ್ಟಿಯಾಗಿ ಸುಳ್ಳು ಹೇಳತೊಡಗಿದ. ವಾರ ಕಳೆದರೂ ಎಮ್ಮೆಯ ಜಾಹೀರಾತು ಬರಲಿಲ್ಲ. ಇನ್ನಾದರೂ ಅನುಮಾನ ಹೋಯಿತಲ್ಲ ಎಂದೆ. ಮಾಮಾ ನನ್ನನ್ನು ಕರುಣೆಯಿಂದ ನೋಡಿ ಪಿಸುಗುಟ್ಟಿದ, "ನಾ ಸುಳ್ಳ ಹೇಳಾಕತ್ತೀನಿ ಅಂತ ಅದಕ್ಕ ಗೊತ್ತಾಗ್ಯದ."

ಹೋದ ವರ್ಷ ದೀಪಾವಳಿ ಹತ್ತಿರ ಬಂದಾಗ ಅವ್ವನಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಬಾಯಿ ಒಂದು ಕಡೆ ತುಸು ಎಳೆದುಕೊಂಡಿದೆ, ಮಾತು ಒಂದೊಂದೇ ಹೊರಗೆ ಬರುತ್ತದೆ. ನಾನು ದೊಡ್ಡ ಮನಸ್ಸು ಮಾಡಿ ಅವಳಿಗೊಂದು ದೊಡ್ಡ ಫೋನು ತಂದೆ. ಪರದೆ ದೊಡ್ಡದಿದ್ದರೆ ಮುಖಗಳು ದೊಡ್ಡದಾಗಿ ಕಾಣುತ್ತವೆ ಎಂಬುದು ನನ್ನ ಬುದ್ಧಿವಂತಿಕೆ. ಅವ್ವ ಅದನ್ನು ಎಡಗೈಯಲ್ಲಿ ಹಿಡಿದು, ಅದೇ ಕೈಯ ಹೆಬ್ಬೆಟ್ಟನ್ನು ಮೇಲಕ್ಕೆ ಚಾಚಿದಳು. ಫೋನು ಜಾರಿ ಮೂಗಿನ ಮೇಲೆ ಬಿತ್ತು. ಎರಡನೇ ಸಲವೂ ಬಿತ್ತು. ಮೂರನೇ ಸಲ ಅವಳು ಅದನ್ನು ಮುಟ್ಟಲಿಲ್ಲ.

ಹನ್ನೊಂದು ಗಂಟೆಯ ಖಟ್ಲೆ ಅಲ್ಲಿಗೆ ನಿಂತಿತು. ಸಂಜೆ ನಾನೇ ಮಾಮಾನಿಗೆ ಫೋನು ಹಚ್ಚಿ ಅವಳ ಕಿವಿಗೆ ಹಿಡಿಯುತ್ತಿದ್ದೆ. ಅವ್ವ ಹೂಂ ಅನ್ನುವಳು, ಹೂಂಹೂಂ ಅನ್ನುವಳು, ಸಾಕು ಎಂದು ಮುಖ ತಿರುಗಿಸುವಳು. ಮಗ ಕೈಯಲ್ಲಿ ಹಿಡಿದು ನಿಂತ ಫೋನಿನಲ್ಲಿ ಹಲ್ಲಿನ ಜಗಳ ಆಡುವುದು ಹೇಗೆ? ಇದು ನನಗೆ ಹೊಳೆಯಲಿಲ್ಲ. ಅವಳಿಗೆ ಮಾತೇ ಬೇಡವಾಗಿದೆ ಎಂದುಕೊಂಡೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಮಾಮಾ ಪ್ರತಿ ಗುರುವಾರ ಹುಮನಾಬಾದಿಗೆ ಬರತೊಡಗಿದ. ಅಂಗಡಿ ಮುಚ್ಚಿ, ಒಂದೇ ಸಲಕ್ಕೆ ಬಸ್ಸು ಹತ್ತಿ! ನಮಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಮೊದಲ ಗುರುವಾರ ನನ್ನ ಐಫೋನನ್ನೂ ನನ್ನ ಹೆಂಡತಿಯ ಆಂಡ್ರಾಯ್ಡ್ ಫೋನನ್ನೂ ಅಕ್ಕಪಕ್ಕ ಇಟ್ಟು ಟೇಪು ಬಿಚ್ಚಿದ. ನನ್ನದು ಆರು ಇಂಚಿನ ಮೇಲೆ, ಅವಳದು ಏಳಕ್ಕೆ ಹತ್ತಿರ ಎಂದೆ. ಮಾಮಾ ಅಡ್ಡ ಅಳೆದ, ಉದ್ದ ಅಳೆದ. ಎಲ್ಲೂ ತಾಳೆಯಾಗಲಿಲ್ಲ. ಫೋನನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ ಮಾಮಾ ಎಂದು ವಿವರಿಸಿದೆ. ಅವನ ಮುಖ ಕೆಂಪಾಯಿತು.

"ಮೂಲಿಗಿ ಮೂಲಿ ಅಳದು ನಾ ಅಂಗಿ ಹೊಲದ್ರ ಗಿರಾಕಿ ನನ್ನ ಮಾರಿಗೇ ಒಗೀತಾನ. ಅಗಲ ಎಷ್ಟದ ಹೇಳಾಕ ಇವ್ರಿಗೇನು ಧಾಡಿ?"

ಆಮೇಲೆ ಎರಡನ್ನೂ ಬಳಸಿ ನೋಡುವ ಕಾರ್ಯಕ್ರಮ. ಆಂಡ್ರಾಯ್ಡಿನ ಕೆಳಗೆ ಹಿಂದಕ್ಕೆ ಹೋಗುವ ಬಾಣವಿದೆ ಎಂದು ಮೆಚ್ಚಿದ. ಆದರೆ ಅಷ್ಟು ದೊಡ್ಡ ಸಾಮಾನಿನ ಮೇಲೆ ರೊಟ್ಟಿ ಬಡಿಯಬಹುದು, ಹಿಡಿಯಲಿಕ್ಕಾಗುವುದಿಲ್ಲ ಎಂದ. ಅವನೂರಿನ ಮೊಬೈಲ್ ಅಂಗಡಿಯವನು ಹೊಸದೊಂದು ಆಂಡ್ರಾಯ್ಡ್ ತೋರಿಸಿದಾಗ ಅದರೊಳಗೆ ಮೊದಲೇ ಹತ್ತಾರು ಆಟ, ಅಂಗಡಿಗಳು ಕೂತಿದ್ದವಂತೆ. ಕೊಳ್ಳುವ ಮೊದಲೇ ಬಾಡಿಗೆಗಿದ್ದವರು ಯಾರು ಎಂದು ಅವನನ್ನೇ ವಿಚಾರಿಸಿದನಂತೆ. ನನ್ನ ಐಫೋನಿನಲ್ಲಿ ಆ ಕಾಟವಿಲ್ಲ, ಆದರೆ ಒಳಗೆ ಹೋದ ಮೇಲೆ ಹೊರಗೆ ಬರುವ ಬಾಗಿಲು ಎಲ್ಲಿದೆ? ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರಬೇಕು ಎಂದೆ. ಗುರುತು ಹಾಕದೆ ಬಾಗಿಲು ಇಟ್ಟವರನ್ನು ನಂಬುವುದು ಹೇಗೆ ಎಂದು ಕೇಳಿದ. ಇನ್ನು ಕಚ್ಚಿದ ಸೇಬಿನ ಗುರುತಂತೂ ಅವನಿಗೆ ಸೇರಲೇ ಇಲ್ಲ. ಯಾರೋ ಎಂಜಲು ಮಾಡಿ ಬಿಟ್ಟ ಹಣ್ಣಂತೆ!

ನನ್ನ ಮುಖ ನೋಡಿ ಫೋನು ತಾನಾಗಿ ತೆರೆದುಕೊಂಡಾಗ ಮಾತ್ರ ಮಾಮಾ ನಗಲಿಲ್ಲ, ಬೈಯಲಿಲ್ಲ. ಟೇಪು ಸುತ್ತುತ್ತ ಕೇಳಿದ, "ಮುಖ ಮೊದಲಿನಂಗ ಇಲ್ಲದವ್ರಿಗೆ ನೀ ಯಾರು ಅಂತ ಕೇಳಿಬಿಟ್ರ?"

ಹಾಗೇನಿಲ್ಲ ಮಾಮಾ, ಮತ್ತೆ ತೋರಿಸಿದರಾಯಿತು ಎಂದು ನಾನು ತಾಂತ್ರಿಕವಾಗಿ ಉತ್ತರಿಸಿದೆ. ಅವನು ಒಳಗಿನ ಕೋಣೆಯ ಕಡೆ ನೋಡುತ್ತಿದ್ದ.

ಮುಂದಿನ ಗುರುವಾರ ಪಂಚಮಿಯ ಕುಪ್ಪಸಕ್ಕೆ ಅಳತೆ ತೆಗೆಯುವ ನೆಪ. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆಯಲು ಬರುತ್ತಾರೆ, ಕುಪ್ಪಸದ ಖಣ ಕೊಡುತ್ತಾರೆ. ಮಾಮಾ ಖಣ ಕೊಡುವವನಲ್ಲ, ಹೊಲಿದೇ ಕೊಡುವವನು. ಅವ್ವನ ಅಳತೆ ಅವನಿಗೆ ಬಾಯಿಪಾಠ. ಆದರೂ ಟೇಪು ತೆಗೆದು ಅವಳ ಎಡಗೈ ಹೆಬ್ಬೆಟ್ಟನ್ನು ಬುಡದಿಂದ ಉಗುರಿನ ತನಕ ಅಳೆದ. ಅಂಗೈ ಅಗಲ ಅಳೆದ. ಅಲ್ಲ, ಯಾವ ಊರಿನ ಕುಪ್ಪಸಕ್ಕೆ ಹೆಬ್ಬೆಟ್ಟಿನ ಅಳತೆ ಬೇಕು ಸ್ವಾಮಿ? ನನ್ನ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು, ಹೆಬ್ಬೆಟ್ಟು ಅಂದರೆ ಸಹಿ, ಯಾವುದೋ ಕಾಗದಕ್ಕೆ ಒತ್ತಿಸಿಕೊಳ್ಳುವ ಹುನ್ನಾರವಿರಬಹುದು ಎಂದಳು. ಛೆ, ಹಾಗೆಲ್ಲ ಅನ್ನಬಾರದು ಎಂದೆ. ಹಾಗೆ ಹೇಳಿದವನು ನಾನೂ ಅದನ್ನೇ ಯೋಚಿಸತೊಡಗಿದೆ.

ಅಷ್ಟರಲ್ಲಿ ಬಸವಕಲ್ಯಾಣದ ಮೊಬೈಲ್ ಅಂಗಡಿಯವನ ಫೋನು ಬಂತು. ನನ್ನ ಹಳೇ ವಿದ್ಯಾರ್ಥಿ. ದನಿ ತಗ್ಗಿಸಿ ಹೇಳಿದ, "ಸರ್, ನಿಮ್ಮ ಮಾಮಾ ಟೇಪ್ ತಗೊಂಡು ಬಲಗೈ ಸೊಂಟಕ್ಕ ಕಟ್ಕೊಂಡು ಬರಾಕತ್ತಾರ್ರಿ. ಒಂದ ಕೈಲಿ ಎಲ್ಲಾ ಫೋನ್ ಹಿಡದು ಹಿಡದು ನೋಡ್ತಾರ್ರಿ. ಮನ್ಯಾಗ ಎಲ್ಲಾ ಆರಾಮ ಅದ ಅಲ್ರೀ?"

ಆರಾಮ ಎಲ್ಲಿಯದು! ಒಳ್ಳೇ ದರ್ಜಿಗೆ ತಲೆ ಕೆಟ್ಟಿತೆಂದೇ ನಾನು ನಿರ್ಧರಿಸಿದೆ. ಮುಂದಿನ ಸಲ ಅವನು ಬಂದು ಕೈಕಾಲು ತೊಳೆಯಲು ಹೋದಾಗ, ಚೀಲದಿಂದ ಅವನ ಅಳತೆ ಪುಸ್ತಕ ಕದ್ದು ತೆಗೆದೆ. ಅನುಮಾನ ನಮ್ಮ ತಾಯಿಯ ಕಡೆಯ ರಕ್ತದಲ್ಲಿಯೇ ಇದೆ, ನನ್ನಲ್ಲೂ ಸೋರಿರಬೇಕು. ಗಿರಾಕಿಗಳ ಎದೆ, ಸೊಂಟ, ತೋಳುಗಳ ನಡುವೆ ಒಂದು ಪುಟದ ತುಂಬ ಫೋನುಗಳಿದ್ದವು. ಒಂದೊಂದರ ಮುಂದೆಯೂ ಅಡ್ಡ, ಉದ್ದ, ತೂಕ. ಬಹಳಷ್ಟರ ಮೇಲೆ ಗೀಟು ಎಳೆದು, ಮೇಲಿನ ಮೂಲಿ ಮುಟ್ಟೂದಿಲ್ಲ, ಜಾರ್ತದ, ಭಾರ ಅದ ಎಂದು ಬರೆದಿದ್ದ. ಪುಟದ ನೆತ್ತಿಯ ಮೇಲೆ ಒಂದೇ ಸಾಲು ಇತ್ತು. ಅಕ್ಕ, ಎಡ ಹೆಬ್ಬೆಟ್ಟು, ಎರಡೂಕಾಲು ಇಂಚು.

ಪುಸ್ತಕವನ್ನು ಇದ್ದಲ್ಲೇ ಇಟ್ಟೆ. ನನಗೆ ಅಳು ಬಂತು. ಒಂದೇ ಮನೆಯಲ್ಲಿದ್ದುಕೊಂಡು ನಾನು ಅವ್ವನ ಕೈಯನ್ನು ಒಮ್ಮೆಯೂ ಅಳೆದು ನೋಡಿರಲಿಲ್ಲ. ಇದ್ದುದರಲ್ಲಿ ದೊಡ್ಡ ಪರದೆ ಯಾವುದು ಎಂದಷ್ಟೇ ಕೇಳಿದ್ದೆ.

ಪಂಚಮಿಯ ಹಿಂದಿನ ದಿನ ಮಾಮಾ ಬಂದ. ಈ ಸಲ ಅಕ್ಕನನ್ನು ಕರೆದುಕೊಂಡು ಹೋಗುವಂತಿರಲಿಲ್ಲ, ಬಸ್ಸಿನ ಮೆಟ್ಟಿಲು ಅವಳಿಗೆ ಆಗದು. ಕುಪ್ಪಸ ಕೊಟ್ಟ. ಅದರ ಜೊತೆ ಅದೇ ಖಣದಲ್ಲಿ ಹೊಲಿದ, ಕೊರಳಿಗೆ ಹಾಕಿಕೊಳ್ಳುವ ಒಂದು ಚಂಚಿ. ಎಡಗೈಯಿಂದ ಎಳೆದರೆ ಬಿಚ್ಚಿಕೊಳ್ಳುವಂತೆ ಟಿಚ್ ಬಟನ್ನು. ಅದರೊಳಗೊಂದು ಪುಟ್ಟ ಹಳೇ ಐಫೋನು! ಕೆಳಗೆ ದುಂಡನೆಯ ಗುಂಡಿಯಿದ್ದ ಕಾಲದ್ದು. ಒಳಗೆ ಎಲ್ಲೇ ದಾರಿ ತಪ್ಪಿದರೂ ಅದನ್ನು ಒತ್ತಿದರೆ ಮನೆಗೆ ಬರಬಹುದು. ಮುಖ ಕೇಳುವುದಿಲ್ಲ, ಹೆಬ್ಬೆಟ್ಟು ಸಾಕು. ಪರದೆಯ ಮೇಲೆ ಬೇರೇನೂ ಇರಲಿಲ್ಲ, ಎಡಗಡೆಯ ಕೆಳಗಿನ ಮೂಲೆಯಲ್ಲಿ ಮಾಮಾನ ಒಂದು ಫೋಟೋ. ಹೆಬ್ಬೆಟ್ಟು ತಾನಾಗಿ ಹೋಗಿ ಕೂರುವ ಜಾಗ ಅದು, ಒತ್ತಿದರೆ ನೇರ ಅವನಿಗೇ ಫೋನು, ಸ್ಪೀಕರಿನಲ್ಲಿ. ಅಂಗಡಿಯವನು ಹಚ್ಚಿಕೊಟ್ಟಿದ್ದನಂತೆ, ಮಾಮಾ ಪಕ್ಕದಲ್ಲೇ ಕಾವಲು ಕೂತು.

"ಎಂಜಲ ಹಣ್ಣಿನ ಫೋನು ಹ್ಯಾಂಗ ಒಪ್ಪಿದಿ ಮಾಮಾ?" ಎಂದೆ. ಒಪ್ಪಿಲ್ಲ, ನಿಗಾ ಇಟ್ಟೀನಿ ಎಂದ. ಹೊರಡುವಾಗ ಅಕ್ಕನಿಗೆ ಮತ್ತೆ ಮತ್ತೆ ಎಚ್ಚರಿಸಿದ. ಮೊದಲನೇ ಸಲ ನಾನು ಎತ್ತುವುದಿಲ್ಲ, ಕಾಯ್ದೆ ಅಂದರೆ ಕಾಯ್ದೆ, ಎರಡು ಸಲ ಮಾಡಬೇಕು.

ಪಂಚಮಿಗೆ ಶಾಲೆ ಸೂಟಿ. ಅವ್ವ ಹೊಸ ಕುಪ್ಪಸ ತೊಟ್ಟು ಮಂಚದ ಮೇಲೆ ಕೂತಿದ್ದಳು, ಕೊರಳಲ್ಲಿ ಚಂಚಿ. ನಾನು ಬಾಗಿಲ ಬಳಿ ಪೇಪರು ಓದುವವನಂತೆ ಕೂತಿದ್ದೆ. ಹನ್ನೊಂದು ಗಂಟೆಗೆ ಟಿಚ್ ಅಂತ ಸಪ್ಪಳವಾಯಿತು. ಫೋನು ಅವಳ ಅಂಗೈಯಲ್ಲಿ ಕೂತಿತು, ಜಾರಲಿಲ್ಲ. ಹೆಬ್ಬೆಟ್ಟು ಕೆಳಗಿನ ಮೂಲೆಗೆ ಹೋಯಿತು.

ಒಂದು ರಿಂಗು. ಅದೂ ಅರ್ಧ. ಮಾಮಾ ಎತ್ತಿಬಿಟ್ಟಿದ್ದ.

ಸ್ಪೀಕರಿನಲ್ಲಿ ಹೊಲಿಗೆ ಮಷೀನು ಓಡುತ್ತಿದ್ದುದು ನಿಂತಿತು. ಅವನು ಏನನ್ನೂ ಕೇಳಲಿಲ್ಲ. ಅವಳು ನಿಜವಾಗಿ ಅವಳೇ ಹೌದೋ ಎಂದು ಕೂಡ ಕೇಳಲಿಲ್ಲ. ಅವ್ವ ಬಾಯಿ ಕೂಡಿಸಿಕೊಂಡಳು. ಮಾತು ಒಂದೊಂದಾಗಿ ಹೊರಗೆ ಬಂತು.

"ಹಲ್ಲ... ಎಲ್ಲಿ... ಮುರೀತು?"

"ನಾರಾಯಣಪುರದ ಗುಡಿ ಮೆಟ್ಟಲ ಮ್ಯಾಲ, ಅಕ್ಕ," ಎಂದ ಮಾಮಾ. ದನಿ ಅವನದಲ್ಲವೇನೋ ಅನ್ನಿಸಿತು. "ನೀ ದೂಡಿಲ್ಲ. ನಾನ ಜಾರಿ ಬಿದ್ದೆ."

ಅವ್ವ ಎಳೆದುಕೊಂಡ ಬಾಯಿಯಲ್ಲಿಯೇ ನಕ್ಕಳು.

"ಸುಳ್ಳ... ನಾನ... ದೂಡಿದ್ದೆ."

ಅಷ್ಟು ಹೇಳಿ ನನ್ನ ಕಡೆ ನೋಡಿ, ಗದ್ದದಿಂದ ಬಾಗಿಲು ತೋರಿಸಿದಳು. ನಾನು ಪೇಪರು ಮಡಚಿ ಎದ್ದು ಹೊರಗೆ ಬಂದೆ, ಬಾಗಿಲು ಮುಂದೆ ಮಾಡಿದೆ.