ಇಪ್ಪತ್ತು ಅಂಕದ ರಾಜಿ

ಕುಟುಂಬ ಕಾನೂನಿನ ಪ್ರಾಯೋಗಿಕ ಪರೀಕ್ಷೆಗೆ ಕೂರುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಜೀವಂತವಾಗಿರುವ ಮತ್ತು ಜಗಳದಲ್ಲಿರುವ ಒಂದು ಜೋಡಿ ಗಂಡ ಹೆಂಡತಿಯನ್ನು ಸ್ವಂತ ಪ್ರಯತ್ನದಿಂದ ಹಾಜರುಪಡಿಸತಕ್ಕದ್ದು. ಇದು ನಮ್ಮ ಕಾಲೇಜಿನ ನಿಯಮ. ಸಂದರ್ಶನಕ್ಕೆ ಹತ್ತು ಅಂಕ, ಅರ್ಜಿ ಬರೆಯುವುದಕ್ಕೆ ಇಪ್ಪತ್ತು, ರಾಜಿ ಮಾಡಿಸುವುದಕ್ಕೆ ಇಪ್ಪತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯಿಂದ ಹಿಂದಿನ ವರ್ಷಗಳಲ್ಲಿ ವಿಭಾಗಕ್ಕೆ ಬಹಳ ತೊಂದರೆಯಾಗಿತ್ತು. ಹಿಂದಿನ ದಿನ ಹಾವು ಮುಂಗುಸಿಯಂತಿದ್ದವರು ಪರೀಕ್ಷೆಯ ಹೊತ್ತಿಗೆ ನಗುನಗುತ್ತಾ ಬರುತ್ತಿದ್ದರು. ಆದ್ದರಿಂದ ಈ ವರ್ಷ ಸುತ್ತೋಲೆ ಹೊರಟಿತ್ತು: "ಉಂಡು ಮಲಗುವ ತನಕ ಮಾತ್ರ ಬಾಳುವ ಜಗಳಗಳನ್ನು ಸ್ವೀಕರಿಸಲಾಗುವುದಿಲ್ಲ. ಕನಿಷ್ಠ ಹದಿನೈದು ದಿನ ತಾಳಿಕೆ ಇರತಕ್ಕದ್ದು."

ನನ್ನ ಕ್ರಮಸಂಖ್ಯೆ ಮೂವತ್ತೊಂದು. ನಮ್ಮ ಪ್ರಾಧ್ಯಾಪಕಿ ಮೇಡಂ ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ತರಗತಿಯ ಕೆಲವು ಅದೃಷ್ಟವಂತರಿಗೆ ಮನೆಯಲ್ಲೇ ಅನುಕೂಲವಿತ್ತು, ಒಬ್ಬನಂತೂ ಹೆತ್ತ ಅಪ್ಪ ಅಮ್ಮನನ್ನೇ ಕರೆತಂದು, "ನಿಮಗೆ ಮಕ್ಕಳಿದ್ದಾರೆಯೇ?" ಎಂದು ಕೇಳಿ ಹತ್ತಕ್ಕೆ ಒಂಬತ್ತು ಅಂಕ ಪಡೆದ. ನಾನು ಅಕ್ಕ ಭಾವನನ್ನು ಕೇಳಿಕೊಂಡೆ. "ನಮ್ಮ ಜಗಳ ನಮಗೇ ಸಾಲ್ತಿಲ್ಲ, ನಿನಗೆಲ್ಲಿಂದ ತಂದು ಕೊಡ್ಲಿ?" ಎಂದು ಅಕ್ಕ ಫೋನಿಟ್ಟಳು.

ಪರೀಕ್ಷೆಗೆ ಇನ್ನು ಇಪ್ಪತ್ತೇ ದಿನವಿತ್ತು. ಆಗ ಕಾಲೇಜಿನ ಮೆಟ್ಟಿಲ ಕೆಳಗಿರುವ ಉಚಿತ ಕಾನೂನು ಸಲಹಾ ಕೇಂದ್ರಕ್ಕೆ ಒಬ್ಬ ದರ್ಜಿಯೂ ಅವನ ಹೆಂಡತಿಯೂ ತಲೆ ತಗ್ಗಿಸಿಕೊಂಡು ಬಂದರು. ಅಲ್ಲಿ ತಲೆ ತಗ್ಗಿಸದೆ ನಿಲ್ಲಲು ಜಾಗವಿಲ್ಲ. ಮದುವೆಯ ನೋಂದಣಿ ಪತ್ರದಲ್ಲಿ ಆಕೆಯ ಹೆಸರಿನ ಒಂದು ಅಕ್ಷರ ತಪ್ಪಿತ್ತು, ತಿದ್ದಿಸಬೇಕಿತ್ತು. ಅರ್ಧ ಪುಟದ ಅರ್ಜಿ. ಹತ್ತು ನಿಮಿಷದಲ್ಲಿ ಬರೆದುಕೊಟ್ಟೆ, ಅವರು ಬಂದ ಕೆಲಸ ಮುಗಿಯಿತು. ಅದು ಪಠ್ಯದಲ್ಲಿ ಇಲ್ಲದ ಕಾರಣ ಅದಕ್ಕೆ ಅಂಕವಿಲ್ಲ. ಅವರು ಎದ್ದರು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಎದುರಿಗೆ ಇದ್ದಾರೆ, ಜಗಳವೊಂದೇ ಕಡಿಮೆ. ನನ್ನ ಹೊಟ್ಟೆ ಉರಿಯಿತು.

"ಸ್ವಲ್ಪ ಕೂತ್ಕೊಳ್ಳಿ," ಎಂದೆ. "ನನ್ನ ಪರೀಕ್ಷೆಗೆ ಒಂದು ಫಾರ್ಮ್ ತುಂಬಬೇಕು."

ಹದಿನಾಲ್ಕು ಪುಟದ ಫಾರ್ಮ್. ಇಪ್ಪತ್ತೇಳನೆಯ ಪ್ರಶ್ನೆಗೆ ಬಂದಾಗ ಕೇಳಿದೆ: "ಕ್ರೌರ್ಯ ಯಾವಾಗಿಂದ ಶುರುವಾಯ್ತು?"

"ಯಾವ ಕ್ರೌರ್ಯ?" ಎಂದ ದರ್ಜಿ.

"ಖಾಲಿ ಬಿಡೋ ಹಾಗಿಲ್ಲ, ಯಜಮಾನ್ರೇ."

"ಪಾಪ, ಓದೋ ಹುಡುಗ. ಏನಾದ್ರೂ ಹೇಳಿ, ಪಾಸಾಗ್ಲಿ," ಎಂದಳು ಹೆಂಡತಿ. ಆಮೇಲೆ ತಾನೇ ಸ್ವಲ್ಪ ಯೋಚಿಸಿದಳು. "ಬರ್ಕೊಳಪ್ಪ. ಇವರು ಬೀದಿಗೆಲ್ಲಾ ಹೊಲೀತಾರೆ. ನನಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಬಟ್ಟೆ ಹೊಲಿದುಕೊಟ್ಟಿಲ್ಲ. ಕೇಳಿದ್ರೆ, ಗಿರಾಕಿಗಳದ್ದು ಮುಗೀಲಿ ಅಂತಾರೆ. ನಾನು ಹಿಂದಿನ ಬೀದಿ ದರ್ಜಿ ಹತ್ರ ಹೊಲಿಸ್ಕೊಳ್ತೀನಿ."

"ಅವನ ಹತ್ರನಾ?" ದರ್ಜಿ ಎದ್ದ ರಭಸಕ್ಕೆ ತಲೆ ಮೆಟ್ಟಿಲಿಗೆ ಬಡಿಯಿತು.

ತುಂಬಿದ ಫಾರ್ಮ್ ನೋಡಿ ಮೇಡಂ ಬಹಳ ಸಂತೋಷಪಟ್ಟರು. "ಅರ್ಜಿನ ಇನ್ನಷ್ಟು ಬಿಗಿಯಾಗಿ ಬರಿ, ಮೂವತ್ತೊಂದು," ಎಂದು ಬೆನ್ನು ತಟ್ಟಿದರು. ಮೂರು ದಿನ ಕಷ್ಟಪಟ್ಟೆ. ನಾಲ್ಕನೆಯ ದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಓದಿದೆ: "ಎದುರುದಾರನು ವೃತ್ತಿಯಿಂದ ದರ್ಜಿಯಾಗಿದ್ದು, ಕತ್ತರಿ, ಸೂಜಿ, ದಾರ ಹಾಗೂ ಹೊಲಿಗೆ ಯಂತ್ರಗಳು ಸದಾ ಅವನ ಸ್ವಾಧೀನದಲ್ಲಿದ್ದರೂ, ಅರ್ಜಿದಾರಳ ಅಳತೆಯನ್ನು ಸತತ ಇಪ್ಪತ್ತೆರಡು ವರ್ಷಗಳ ಕಾಲ ಉದ್ದೇಶಪೂರ್ವಕವಾಗಿ ತೆಗೆದುಕೊಳ್ಳದೆ, ಆಕೆಯು ಪರರ ಅಳತೆಪಟ್ಟಿಗೆ ಮೈಯೊಡ್ಡಿ ನಿಲ್ಲುವ ದುಸ್ಥಿತಿಯನ್ನು ಉಂಟುಮಾಡಿರುತ್ತಾನೆ."

ಹೆಂಡತಿಯ ಕಣ್ಣಲ್ಲಿ ನೀರಿತ್ತು.

"ಇಷ್ಟೆಲ್ಲಾ ಆಗಿತ್ತಾ ನನಗೆ?" ಎಂದಳು. ಆ ಸಂಜೆಯೇ ತಂಗಿಯ ಮನೆಗೆ ಹೊರಟುಹೋದಳು. ನನ್ನ ಜಗಳಕ್ಕೆ ತಾಳಿಕೆ ಬಂತು.

ಮೊದಲ ವಾರ ನಾನು ನೆಮ್ಮದಿಯಾಗಿದ್ದೆ. ಎರಡನೆಯ ವಾರ ದರ್ಜಿಯ ಅಂಗಡಿಯ ಮುಂದೆ ಹಾದುಹೋದೆ. ಅವನು ಒಂದು ಅಂಗಿಗೆ ಮೂರು ತೋಳು ಹಾಕಿ ಕೂತಿದ್ದ. "ಲಾಯರ್ ಸಾಹೇಬ್ರೇ," ಎಂದ, "ಒಂದು ಅಕ್ಷರ ತಿದ್ದಿಸೋಕೆ ಬಂದಿದ್ವಿ. ಸಂಸಾರನೇ ತಿದ್ದಿಬಿಟ್ರಿ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಸ್ಟೂಲು ಎಳೆದು ಕೂರಲು ಹೇಳಿದ.

ಮರುದಿನ ದರ್ಜಿಯ ಹೆಂಡತಿಯನ್ನು ಹುಡುಕಿ ಅವಳ ತಂಗಿಯ ಮನೆಗೆ ಓಡಿದೆ. "ಅಮ್ಮಾ, ಆ ಅರ್ಜಿ ನಾನು ಮಾರ್ಕ್ಸಿಗೋಸ್ಕರ ಬರೆದದ್ದು. ಮನಸ್ಸಿಗೆ ಹಚ್ಕೋಬೇಡಿ."

ಆಕೆ ಬಟ್ಟೆ ಮಡಿಸುತ್ತಿದ್ದಳು. "ಮಾರ್ಕ್ಸಿಗೇ ಬರೆದಿರ್ಬಹುದು. ಅದರಲ್ಲಿ ಸುಳ್ಳು ಯಾವುದು ಹೇಳು."

ಇಡೀ ಅರ್ಜಿ ನನಗೆ ಬಾಯಿಪಾಠವಾಗಿತ್ತು. ಎರಡು ಸಲ ಮನಸ್ಸಿನಲ್ಲೇ ಓದಿಕೊಂಡೆ. ಒಂದೂ ಸಿಗಲಿಲ್ಲ.

"ಪರೀಕ್ಷೆಗೆ ಬರ್ತೀನಿ, ಹೆದರಬೇಡ," ಎಂದಳು. "ರಾಜಿ ಮಾತ್ರ ಕೇಳಬೇಡ."

ಪರೀಕ್ಷೆಯ ದಿನ ಬೇರೆ ಊರಿನಿಂದ ಪರೀಕ್ಷಕರು ಬಂದರು. ಒಂದು ದಂಪತಿಗೆ ಇಪ್ಪತ್ತು ನಿಮಿಷವೆಂದು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ದರ್ಜಿ ಒಂದು ಬೆಂಚಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. ನಾನು ಬಾಯಿ ತೆರೆದೆ. ಅಭ್ಯಾಸ ಮಾಡಿದ್ದ ಹನ್ನೊಂದು ಸಾಂತ್ವನ ವಾಕ್ಯಗಳಲ್ಲಿ ಒಂದೂ ಹೊರಬರಲಿಲ್ಲ. ಒಬ್ಬರ ಸಂಸಾರ ಮುರಿದವನು ಯಾವ ಬಾಯಲ್ಲಿ ಹೊಂದಿಕೊಂಡು ಹೋಗಿ ಎನ್ನಬೇಕು?

ಮೇಜಿನ ಮೇಲಿನ ಗಡಿಯಾರದಲ್ಲಿ ಐದು ನಿಮಿಷ ಕಳೆಯಿತು. ಆಗ ದರ್ಜಿ ಎದ್ದ. ಜೇಬಿನಿಂದ ಅಳತೆಪಟ್ಟಿ ತೆಗೆದು ಹೆಂಡತಿಯ ಮುಂದೆ ಹೋಗಿ ನಿಂತ. ಆಕೆ ಕೂತೇ ಇದ್ದಳು. ಅವನೂ ನಿಂತೇ ಇದ್ದ. ಕಡೆಗೆ ಆಕೆ ನಿಟ್ಟುಸಿರು ಬಿಟ್ಟು ಎದ್ದು ತೋಳು ಚಾಚಿದಳು. ಭುಜ, ತೋಳು, ಕುತ್ತಿಗೆ. ಗಿರಾಕಿಗೆ ಒಂದು ಸಲ ಹಿಡಿಯುವ ಅಳತೆಯನ್ನು ಅವನು ಮೂರು ಮೂರು ಸಲ ಹಿಡಿದ. ಬರೆದುಕೊಳ್ಳಲು ಕಾಗದವಿರಲಿಲ್ಲ, ನನ್ನ ಅರ್ಜಿಯ ಹಿಂಬದಿ ಕೊಟ್ಟೆ.

"ಸಡಿಲ ಇರ್ಲಿ," ಎಂದಳು ಆಕೆ.

"ನನಗೆ ಹೇಳ್ಕೊಡ್ತೀಯಾ?" ಎಂದ ಅವನು.

ಪರೀಕ್ಷಕರು ಕೆಮ್ಮಿದರು. "ರಾಜಿ ಆಯಿತೆಂದು ಪರಿಗಣಿಸಲು ಬರುವುದಿಲ್ಲ. ನಿಯಮ ಒಂಬತ್ತರ ಪ್ರಕಾರ ರಾಜಿಯು ವಿದ್ಯಾರ್ಥಿಯ ಮಾತಿನಿಂದಲೇ ಆಗತಕ್ಕದ್ದು. ಈತ ಮಾತೇ ಆಡಿಲ್ಲ. ಸೊನ್ನೆ."

ಮೇಡಂ ಮುಖ ಸಪ್ಪಗಾಯಿತು. ಸೊನ್ನೆ ಬಂದರೆ ನಾನು ಒಂದು ವರ್ಷ ಹಿಂದೆ ಬೀಳುತ್ತಿದ್ದೆ. ಕಾಲೇಜಿನ ಫಲಿತಾಂಶ ನೂರರಿಂದ ಇಳಿಯುತ್ತಿತ್ತು. ಅವರು ನಿಯಮಾವಳಿ ತಿರುವಿ ಹಾಕಿ ಬೆರಳಿಟ್ಟರು. "ಸರ್, ನಿಯಮ ಹನ್ನೆರಡು. ಕ್ರಮಬದ್ಧವಾಗಿ ವಿಫಲವಾದ ರಾಜಿಗೆ ಹದಿನಾಲ್ಕು ಅಂಕ ಕೊಡಬಹುದು. ದಂಪತಿ ಬೇರೆಯಾಗಿದ್ದೇವೆ ಅಂತ ಸಹಿ ಹಾಕಬೇಕು, ಅಷ್ಟೇ."

ನಾನು ತಲೆ ತಗ್ಗಿಸಿದೆ. ಈ ಸಲ ಜಾಗದ ಅಭಾವವಿರಲಿಲ್ಲ. "ಬೇಡ ಮೇಡಂ. ಸೊನ್ನೆನೇ ಇರ್ಲಿ."

"ನೀನು ಸುಮ್ನಿರಪ್ಪ," ಎಂದಳು ದರ್ಜಿಯ ಹೆಂಡತಿ. "ಎಲ್ಲಿ ಹಾಕಬೇಕು ಸಹಿ?" ಅಕ್ಷರ ತಿದ್ದಿಸಿದ ಹೆಸರನ್ನು ಮೊದಲ ಬಾರಿಗೆ ಬರೆಯುವ ಉತ್ಸಾಹದಲ್ಲಿ ಮೂರು ಪ್ರತಿಗೂ ಸಹಿ ಹಾಕಿದಳು. ದರ್ಜಿಯೂ ಹಾಕಿದ. ಪರೀಕ್ಷಕರು ಮುದ್ರೆಯೊತ್ತಿ, ಇಬ್ಬರಿಗೂ ಸಂತಾಪ ಸೂಚಿಸಿದರು. ಇಬ್ಬರೂ ಕೈಮುಗಿದರು.

ಹೊರಡುವಾಗ ಕಾವಲುಗಾರ ಅಡ್ಡ ಬಂದ. ರಾಜಿಯಲ್ಲಿ ವಿಫಲರಾದವರು ಒಂದೇ ಗೇಟಿನಿಂದ ಹೋಗುವಂತಿಲ್ಲವಂತೆ. ದರ್ಜಿ ಮುಂದಿನ ಗೇಟಿನಿಂದ ಸ್ಕೂಟರ್ ತೆಗೆದುಕೊಂಡು ಹೋದ. ಹೆಂಡತಿ ಹಿಂದಿನ ಗೇಟಿಗೆ ನಡೆದಳು. ಕಾವಲುಗಾರ ಮರ್ಯಾದೆಯಿಂದ ಬೀಗ ತೆಗೆದು, ಸ್ಕೂಟರ್ ಸುತ್ತಿ ಬರುವ ತನಕ ಆಕೆಗೆ ತನ್ನ ಕುರ್ಚಿ ಕೊಟ್ಟ. ಆಕೆ ಹಿಂದೆ ಕೂತು ಗಂಡನ ಭುಜ ಹಿಡಿದ ಮೇಲೆ, ಕಾವಲುಗಾರ ರಿಜಿಸ್ಟರ್ ತೆರೆದು, ಇಬ್ಬರೂ ಬೇರೆ ಬೇರೆಯಾಗಿ ನಿರ್ಗಮಿಸಿದರೆಂದು ಎರಡು ಸಾಲಿನಲ್ಲಿ ಬರೆದ. ಸಾಕ್ಷಿಯಾಗಿ ನಾನು ಸಹಿ ಮಾಡಿದೆ.