ಊಟಕ್ಕೊಂದು ಕೋಟು

ಕೋಟಿಲ್ಲದವರನ್ನು ಪೇಟೆಯ ಆ ದೊಡ್ಡ ಹೋಟೆಲಿನೊಳಗೆ ಬಿಡುವುದಿಲ್ಲ ಎಂದು ಮಹಡಿ ಮನೆಯ ಮೇಷ್ಟ್ರು ಹೇಳಿದ್ದೇ ಎಲ್ಲಕ್ಕೂ ಮೂಲ. ಮೇಷ್ಟ್ರು ಆ ಹೋಟೆಲನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಆದರೆ ತಿಳಿಯದ ವಿಷಯದಲ್ಲೇ ಅವರ ಮಾತು ಹೆಚ್ಚು ಖಚಿತವಾಗಿರುತ್ತಿತ್ತು.

"ಟೈ ಇಲ್ಲದಿದ್ರೂ ನಡೆಯುತ್ತೆ. ಕೋಟು ಬೇಕೇ ಬೇಕು ಕಣಯ್ಯ. ಕರೀದು."

ದರ್ಜಿ ನಕ್ಕ. "ನನ್ನ ಹತ್ರ ಕೋಟಿಗೇನು ಬರ ಮೇಷ್ಟ್ರೇ?"

ಹೋದ ತಿಂಗಳು ಯಾರೋ ಏಜೆಂಟ್ ಥಾನುಗಟ್ಟಲೆ ಕರಿ ಬಟ್ಟೆ ತಂದು ಸುರಿದು, ಒಂದೇ ಥರದ ಕೋಟುಗಳನ್ನು ಹೊಲಿಸಿಕೊಂಡು ಹೋಗಿದ್ದ. ಬ್ಯಾಂಡಿನವರಿಗಿರಬೇಕು ಎಂದುಕೊಂಡಿದ್ದ ದರ್ಜಿ. ಮಿಕ್ಕ ಬಟ್ಟೆ ಹೊಲಿದವನದು. ಅದು ಕಸುಬಿನ ಕಾನೂನು. ಮಿಕ್ಕಿದ್ದರಲ್ಲಿ ಅವನಿಗೂ ಒಂದು ಕೋಟಾಗಿತ್ತು.

ಹೆಂಡತಿಗೆ ಕೋಟಿನ ಚಿಂತೆಯಿರಲಿಲ್ಲ. ಮದುವೆಯಾದಾಗಿನಿಂದ ಅವಳು ಗಂಡನ ಬೆನ್ನು ನೋಡುತ್ತಲೇ ಉಂಡವಳು. ಅವನ ಮುಖ ಸದಾ ಮೆಷಿನ್ನಿನ ಕಡೆ. "ಇವತ್ತೊಂದಿನ ನನ್ನೆದುರು ಕೂತು ಊಟ ಮುಗಿಸ್ಬೇಕು," ಎಂದಿದ್ದಳು. "ನಡುವೆ ಎದ್ದು ಹೋದ್ರೋ, ನಾನು ಇವತ್ತೇ ಅಕ್ಕನ ಮನೆಗೆ. ಆಮೇಲೆ ಆ ಮೆಷಿನ್ ಜೊತೆನೇ ಸಂಸಾರ ಮಾಡ್ಕೊಳಿ."

ಹೋಟೆಲಿನೊಳಗೆ ದೀಪಗಳು ಮಂಕಾಗಿದ್ದವು, ತಿನ್ನುತ್ತಿರುವುದೇನೆಂದು ಕಂಡರೆ ಯಾರೂ ದುಡ್ಡು ಕೊಡಲಾರರು ಎಂಬಂತೆ. ಜನ ಸಾವಿನ ಮನೆಗೆ ಬಂದವರ ಹಾಗೆ ಪಿಸುಗುಟ್ಟುತ್ತಿದ್ದರು. ಬಾಗಿಲಲ್ಲಿದ್ದ ಹುಡುಗಿ ಹೆಂಡತಿಗೆ ಕುರ್ಚಿ ಎಳೆದು ಕೂರಿಸಿದಳು. ದರ್ಜಿಗೆ ಎಳೆಯಲಿಲ್ಲ. ಯಾಕೆಂದು ಅವನು ತಲೆಯೆತ್ತಿ ನೋಡಿದ. ತಟ್ಟೆ ಹೊತ್ತು ಓಡಾಡುತ್ತಿದ್ದ ಅಷ್ಟೂ ವೇಟರುಗಳ ಮೈಮೇಲೆ ಅವನದೇ ಕೋಟು. ಅದೇ ಕಾಲರು, ಅದೇ ಗುಂಡಿ, ಅದೇ ಹೊಲಿಗೆ.

"ನಿಮ್ಮ ಬ್ಯಾಂಡಿನವರು," ಎಂದಳು ಹೆಂಡತಿ.

"ಏಯ್, ನೀರು!" ಪಕ್ಕದ ಮೇಜಿನ ಉಂಗುರದ ಸಾಹುಕಾರ ಕೂಗಿದ.

"ಬಂದೆ ಸಾರ್," ಎಂದಿತು ದರ್ಜಿಯ ನಾಲಿಗೆ, ಅವನನ್ನು ಒಂದು ಮಾತೂ ಕೇಳದೆ. ದೊಡ್ಡವರ ಸೊಂಟ ಅಳೆದು ಅಳೆದು ಬಾಗಿದ ಬೆನ್ನು ಆಗಲೇ ಎದ್ದು ಹೊರಟಿತ್ತು.

"ನೀವ್ಯಾಕ್ರೀ ಹೋದ್ರಿ?"

"ಪಾಪ, ಬಾಯಾರಿತ್ತು ಕಣೇ."

"ನಂಗೂ ಬಾಯಾರಿದೆ."

ಅವನು ಕೂರುವಷ್ಟರಲ್ಲಿ ಸಾಹುಕಾರನ ಹೆಂಡತಿ ಅವನ ತೋಳಿಗೆ ತನ್ನ ಶಾಲು ನೇತುಹಾಕಿ ಸೂಪು ತರಲು ಹೇಳಿದಳು.

"ಅಮ್ಮಾ, ನಾನು ಊಟಕ್ಕೆ ಬಂದವನು..."

"ಎಲ್ಲರೂ ಊಟಕ್ಕೇ ಬಂದಿರೋದು. ಬೇಗ ತಾ."

ಗಾಬರಿಯಲ್ಲಿ ದರ್ಜಿ ಯಾರೋ ಅರ್ಧ ಕುಡಿದು ಎದ್ದುಹೋಗಿದ್ದ ಬಟ್ಟಲುಗಳನ್ನೇ ತಂದಿಟ್ಟ. ಸಾಹುಕಾರ ಒಂದು ಚಮಚ ಹೀರಿ ಕಣ್ಣು ಮುಚ್ಚಿದ. "ಆಹಾ! ಇಂಥ ಪರಿಮಳ ಇಲ್ಲಿ ಬಿಟ್ರೆ ಎಲ್ಲೂ ಸಿಗಲ್ಲ." ಸಾಹುಕಾರನ ಹೆಂಡತಿಯೂ ಹೀರಿ ಹೌದೆಂದಳು.

ದರ್ಜಿ ಹಿಂತಿರುಗಿದಾಗ ಅವನ ಹೆಂಡತಿ ಹಲ್ಲು ಕಚ್ಚಿ ಹೇಳಿದಳು: "ಮೊದಲು ಆ ಕೋಟು ಬಿಚ್ಚಿ."

ಬಿಚ್ಚಿದ. ಕೂತ. ಎಲ್ಲಿದ್ದನೋ ಮ್ಯಾನೇಜರ್, ನೆಲದಿಂದ ಎದ್ದವನಂತೆ ಬಂದು ನಿಂತ. "ಕ್ಷಮಿಸಿ, ಕೋಟಿಲ್ಲದೆ ಇಲ್ಲಿ ಕೂರೋ ಹಾಗಿಲ್ಲ."

ಮೇಷ್ಟ್ರ ಮಾತು ಜನ್ಮದಲ್ಲಿ ಮೊದಲ ಸಲ ನಿಜವಾಗಿತ್ತು. ದರ್ಜಿ ಮತ್ತೆ ಕೋಟು ತೊಟ್ಟ. "ಏಯ್, ಇನ್ನೊಂದು ಸೂಪು!" ಎಂದ ಸಾಹುಕಾರ. ತೊಟ್ಟರೆ ವೇಟರು, ಬಿಚ್ಚಿದರೆ ಬೀದಿ. ಅಡಕತ್ತರಿಗೆ ಸಿಕ್ಕ ಅಡಕೆಯಾದ ದರ್ಜಿ ಹೆಂಡತಿಯ ಮುಖ ನೋಡಿದ. ಅವಳು ಕೈಚೀಲ ಎತ್ತಿಕೊಳ್ಳುತ್ತಿದ್ದಳು.

ಅವನಿಗೆ ಎಲ್ಲಿಂದಲೋ ಧೈರ್ಯ ಬಂತು. "ನಾನು ವೇಟರ್ ಅಲ್ಲ!" ಎಂದು ಅರಚಿದ. "ಈ ಕೋಟುಗಳನ್ನೆಲ್ಲ ಹೊಲಿದ ದರ್ಜಿ ನಾನು!"

ಪಿಸುಮಾತು ನಿಂತಿತು. ಮ್ಯಾನೇಜರ್ ಎರಡೂ ಕೈ ಚಾಚಿ ಬಂದ. "ನೀವೇನಾ ಸ್ವಾಮಿ? ಎಲ್ಲೆಲ್ಲಿ ಹುಡುಕಿಸಿದೆ ನಿಮ್ಮನ್ನ!"

ಹೆಂಡತಿ ಕೈಚೀಲ ಕೆಳಗಿಟ್ಟಳು. ಅವಳ ಮುಖ ಸ್ವಲ್ಪ ಅರಳಿತು ಕೂಡ.

ಮ್ಯಾನೇಜರ್ ಒಬ್ಬ ವೇಟರನ್ನು ಕರೆದ. "ಕೈ ಎತ್ತು."

ಎತ್ತಿದ. ಕಂಕುಳಲ್ಲಿ ಕೋಟು ಬಾಯಿ ಬಿಟ್ಟಿತ್ತು. ಇನ್ನೊಬ್ಬ ಎತ್ತಿದ. ಅದೂ ಅಷ್ಟೇ. ಒಂದೊಂದು ಕಂಕುಳಲ್ಲೂ ಬೆರಳಗಲ ಕಡಿಮೆ ಇಟ್ಟಿದ್ದಕ್ಕೇ ದರ್ಜಿಗೆ ಬಟ್ಟೆ ಮಿಕ್ಕಿದ್ದು.

"ಎಲ್ಲರೂ ಮೊಣಕೈನ ಮೈಗಂಟಿಸ್ಕೊಂಡು ಬಡಿಸ್ತಿದಾರೆ," ಎಂದ ಮ್ಯಾನೇಜರ್, ದನಿ ತಗ್ಗಿಸಿ. "ಜನ ಅದನ್ನೇ ನಯವಿನಯ ಅಂದ್ಕೊಂಡಿದಾರೆ, ನಮ್ಮ ಪುಣ್ಯ. ಒಗೆಯೋ ಕೋಣೇಲಿ ಮೆಷಿನ್ ಇದೆ, ಬನ್ನಿ."

"ತೇಪೆಗೆ ಬಟ್ಟೆ ಬೇಕಲ್ಲ ಸಾರ್?"

"ಮೈಮೇಲಿದೆಯಲ್ಲ!"

ಇಲ್ಲವೆನ್ನದಂತೆ ಯಾರೂ ಅವನ ಬಾಯಿ ಕಟ್ಟಿರಲಿಲ್ಲ. ಆದರೂ ನಾಲಿಗೆ "ಬಂದೆ ಸಾರ್" ಎಂದಿತು. ಬೆನ್ನು ಅದರ ಹಿಂದೆಯೇ ಹೊರಟಿತು.

ಹೆಂಡತಿ ಗಡಿಬಿಡಿ ಮಾಡಲಿಲ್ಲ. ಬಂದದ್ದನ್ನೆಲ್ಲ ನಿಧಾನವಾಗಿ ಉಂಡಳು, ಅವನ ಪಾಲನ್ನೂ. ಬಾಯಿ ಒರೆಸಿಕೊಂಡು, ಆಗಷ್ಟೇ ಒಗೆಯುವ ಕೋಣೆಯಿಂದ ಕೋಟು ತೊಟ್ಟು ಬಂದ ಮೊದಲ ವೇಟರನ್ನು ಕರೆದು ಹೇಳಿದಳು:

"ನಮ್ಮಕ್ಕನ ಮನೆಗೆ ಹೋಗ್ಬೇಕು. ಒಂದು ಟ್ಯಾಕ್ಸಿ ನಿಲ್ಲಿಸ್ತೀಯೇನಪ್ಪ?"

ಅವನು ಹೊರಗೆ ಬಂದು, ಬಹಳ ದಿನಗಳ ಮೇಲೆ ತೋಳನ್ನು ಆಕಾಶದೆತ್ತರಕ್ಕೆ ಎತ್ತಿದ. ಟ್ಯಾಕ್ಸಿ ನಿಂತಿತು. ಹೊಲಿಗೆ ಬಿಡಲಿಲ್ಲ.