ಕುಚ್ಚಲಕ್ಕಿಗೆ ನೌಕಾಪಡೆಯ ಕಾವಲು

ಸೌದಿಯ ಕೆಂಪು ಸಮುದ್ರ ದಡದ ಜಿದ್ದಾದಲ್ಲಿ ಊರಿನಿಂದ ಅಕ್ಕಿ ತರಿಸುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಅಲ್ಲಿ ನಗುವಿಗೆ ಬರವೆಂಬುದಿಲ್ಲ. ಮ್ಯಾನೇಜರ್ ರಜೆ ಹಾಕಿದ ದಿನ ಮಾತ್ರ ಕೊಂಚ ಕೊರತೆ.

೧. ಗೋಡೆಯ ಮೇಲಿನ ಸಮರ

ಮ್ಯಾನೇಜರ್ ಉಡುಪಿ ಕಡೆಯವರು. ಈಜು ಬಾರದು, ನೌಕಾನೀತಿ ಮಾತ್ರ ಬಾಯಿಪಾಠ. ನೂರು ವರ್ಷದ ಹಿಂದೆ ಇಂಗ್ಲಿಷರು ದೂರದೇಶದ ವ್ಯಾಪಾರ ಕಾಯಲು ಎಂತೆಂಥ ಯುದ್ಧನೌಕೆ ಕಟ್ಟಿದರೆಂದು ಟೀ ಹೊತ್ತಿಗೆಲ್ಲ ಕೊರೆಯುತ್ತಿದ್ದರು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದದ್ದೇ ತಡ, ಗೋಡೆಯ ನಕಾಶೆಗೆ ಯುದ್ಧನೌಕೆಗೊಂದರಂತೆ ಗುಂಡುಸೂಜಿ ಚುಚ್ಚಿ ತಾವೇ ಅಡ್ಮಿರಲ್ ಆದರು.

ನಮ್ಮ ಬೀದಿಯ ಹೋಟೆಲ್ ಕಾಕ ಬಂದರು. ಅವರ ಗಿರಾಕಿಗಳೆಲ್ಲ ಕರಾವಳಿಯವರು, ಬರುವುದೇ ಕುಚ್ಚಲಕ್ಕಿ ಊಟಕ್ಕೆ. ಅಕ್ಕಿ ಮುಗಿಯುತ್ತ ಬಂದಿತ್ತು. ತಮ್ಮ ಕಂಟೇನರ್ ಎಲ್ಲಿದೆಯೆಂದು ಕೇಳಿದರು. ಮ್ಯಾನೇಜರ್ ಗುಂಡುಸೂಜಿಗಳನ್ನು ತೋರಿಸಿ, ಇಷ್ಟೂ ದೇಶಗಳ ನೌಕಾಪಡೆ ನಿಮ್ಮ ಅಕ್ಕಿ ಕಾಯುತ್ತಿದೆ ಎಂದರು.

ಕಾಕ ನಕಾಶೆ ನೋಡಿದರು. "ಇಷ್ಟು ಜನ ಕಾಯುವುದಾದ್ರೆ ನನಗೆ ಉಳಿಯುವುದು ಡೌಟು ಮಾರಾಯ್ರೆ."

೨. ಮರಳಿನಲ್ಲಿ ಬೆಂಗಾವಲು

ಕೆಂಪು ಸಮುದ್ರವೇ ಬೇಡವೆಂದು ಮ್ಯಾನೇಜರ್ ಅಕ್ಕಿಯನ್ನು ದೇಶದ ಇನ್ನೊಂದು ತುದಿಯ, ಕೊಲ್ಲಿ ಕಡೆಯ ದಮಾಮ್ ಬಂದರಿಗೆ ತಿರುಗಿಸಿದರು. ಅಲ್ಲಿಂದ ಜಿದ್ದಾಕ್ಕೆ ಲಾರಿ. ಹಳೆಯ ನೌಕಾನೀತಿಯ ಪ್ರಕಾರ ಸರಕು ಒಂಟಿಯಾಗಿ ಹೋಗಬಾರದಂತೆ. ನಮ್ಮ ಮೂರು ಲಾರಿಗಳೂ ಜೊತೆಯಲ್ಲೇ ಬರಬೇಕೆಂದು ಆಜ್ಞೆಯಾಯಿತು. ದಾರಿಯಲ್ಲಿ ಒಂಟೆ ಬಿಟ್ಟರೆ ಬೇರೆ ಶತ್ರು ಇರಲಿಲ್ಲ.

ರಿಯಾದ್ ದಾಟಿದ ಮೇಲೆ ಒಂದರ ಎಂಜಿನ್ ಕೆಟ್ಟಿತು. ಉಳಿದವೂ ಕದಲಬಾರದೆಂದರು ಮ್ಯಾನೇಜರ್. ಕಾಕನ ಅಕ್ಕಿಯಿದ್ದ ಲಾರಿ, ಏನೂ ಕೆಡದಿದ್ದರೂ, ಬಿಸಿಲಲ್ಲಿ ದಿನಗಟ್ಟಲೆ ನಿಂತಿತು. ಕೊನೆಗೆ ಅದರ ಪಠಾಣ ಡ್ರೈವರ್ ಫೋನ್ ಮಾಡಿದ. "ಸಾಬ್, ನನ್ನ ಗಾಡಿಗೆ ಏನಾಗಿದೆ ಅಂತ ಹೇಳಿ, ಅದನ್ನೂ ರಿಪೇರಿ ಮಾಡಿಸ್ತೇನೆ."

೩. ಎದುರು ಹೋಟೆಲಿನ ಗಂಜಿ

ಇತ್ತ ಕಾಕ ಬಾಸ್ಮತಿ ಬಡಿಸತೊಡಗಿದರು. ಗಿರಾಕಿಗಳು ಒಂದು ತುತ್ತು ತಿಂದು ಎದುರಿನ ಹೋಟೆಲಿಗೆ ನಡೆದರು. ಹೀಗೇ ಆದರೆ ತಮ್ಮ ಹೋಟೆಲ್ ಮುಚ್ಚಬೇಕಾದೀತೆಂದು, ಅಲ್ಲೇನು ಬಡಿಸುತ್ತಾರೆಂದು ನೋಡಲು ಕಾಕ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದರು. ಒಳಗೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಉಣ್ಣುತ್ತಿದ್ದವರು ನಮ್ಮ ಮ್ಯಾನೇಜರ್. ನಾಚಿಕೆಯಾದದ್ದು ನನಗೆ, ಅವರಿಗಲ್ಲ. ಬಾಸ್ಮತಿ ತಮಗೆ ಆಗಿಬರುವುದಿಲ್ಲವೆಂದರು.

ಈ ಅಕ್ಕಿ ಹೇಗೆ ಬಂತೆಂದು ಕಾಕ ಆ ಹೋಟೆಲಿನವನನ್ನು ಕೇಳಿದರು. ಯಾವಾಗಿನಂತೆ ಕೆಂಪು ಸಮುದ್ರದಲ್ಲೇ, ನೇರ ಜಿದ್ದಾಕ್ಕೆ ಎಂದ ಅವನು.

"ಅದು ಅದೃಷ್ಟ, ನೀತಿ ಅಲ್ಲ" ಎಂದು ಮ್ಯಾನೇಜರ್ ಇನ್ನೊಂದು ಸೌಟು ಹಾಕಿಸಿಕೊಂಡರು.

ಕಾಕ ಅವರ ಎದುರಿಗೆ ಕೂತು ಮೆಲ್ಲಗೆ ಹೇಳಿದರು. "ಸಾರ್, ಕಡಲಲ್ಲಿ ದಾಳಿ ಮಾಡುವವರ ಹೆದರಿಕೆ ನನಗಿಲ್ಲ. ನನ್ನ ಅಕ್ಕಿಯನ್ನು ನಿಮ್ಮಿಂದ ಕಾಯ್ಲಿಕ್ಕೆ ಯಾವುದಾದ್ರೂ ಯುದ್ಧನೌಕೆ ಇದ್ರೆ ಕಳಿಸಿಕೊಡಿ."